ಲ್ಯಾಪ್‌ಟಾಪ್ ಎದ್ದಿತು, ವೈಫೈ ಏಳಲಿಲ್ಲ

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ಗಳಿಗೆ ಬಹಳ ವರ್ಷಗಳಿಂದ ಅಂಟಿಕೊಂಡಿರುವ ಒಂದು ತೊಂದರೆ ಇದೆ. ಮುಚ್ಚಳ ಮುಚ್ಚಿ ಯಂತ್ರವನ್ನು ಮಲಗಿಸಿ, ಸ್ವಲ್ಪ ಹೊತ್ತಿನ ಮೇಲೆ ತೆರೆದಾಗ ಪರದೆ ಬೆಳಗುತ್ತದೆ. ಅರ್ಧಕ್ಕೆ ನಿಲ್ಲಿಸಿದ್ದ ಬರಹ ನಿಲ್ಲಿಸಿದಲ್ಲೇ ಇರುತ್ತದೆ, ಹಾಡು ಬಿಟ್ಟ ಸಾಲಿನಿಂದ ಮುಂದುವರಿಯುತ್ತದೆ. ವೈಫೈ ಮಾತ್ರ ಬರುವುದಿಲ್ಲ. ಮೂಲೆಯ ಗುರುತಿನ ಮೇಲೆ ಪ್ರಶ್ನೆಚಿಹ್ನೆ ಕೂತಿರುತ್ತದೆ, ಇಲ್ಲವೇ ಗುರುತೇ ಮಾಯವಾಗಿರುತ್ತದೆ. ಯಂತ್ರವನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಎಲ್ಲವೂ ಸರಿಹೋಗುವುದರಿಂದ ಹೆಚ್ಚಿನವರು ಆ ಆಫ್-ಆನ್‌ಗೇ ಒಗ್ಗಿಹೋಗುತ್ತಾರೆ. ಹಾಗೆ ಒಗ್ಗಬೇಕಾದ್ದಿಲ್ಲ. ಇದಕ್ಕೆ ಕಾರಣಗಳು ಬೆರಳೆಣಿಕೆಯಷ್ಟು. ಪ್ರತಿಯೊಂದಕ್ಕೂ ತನ್ನದೇ ಲಕ್ಷಣವಿದೆ. ಲಕ್ಷಣ ತಿಳಿದರೆ ಮದ್ದು ಹುಡುಕುವುದು ಕಷ್ಟವಲ್ಲ.

ಕನ್ನಡಿಗರ ನಡುವೆ ಲಿನಕ್ಸ್ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳ ಸರ್ಕಾರ 2001ರಲ್ಲಿ ಶುರು ಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು, 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಎಂಬ ಲಿನಕ್ಸ್ ಬಗೆಯ ಮೇಲೆ ಕಟ್ಟಿದ ಕೈಟ್ ಗ್ನು-ಲಿನಕ್ಸ್ ಅಲ್ಲಿನ ಶಾಲಾ ಲ್ಯಾಪ್‌ಟಾಪ್‌ಗಳಲ್ಲಿ ಓಡುತ್ತದೆ. 2018ರ ಹೈಟೆಕ್ ಶಾಲಾ ಯೋಜನೆ 8ರಿಂದ 12ನೇ ತರಗತಿವರೆಗಿನ 45,000 ಕೊಠಡಿಗಳನ್ನು ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳೊಂದಿಗೆ ಸಜ್ಜುಗೊಳಿಸಿತು. ಕನ್ನಡ ಮಕ್ಕಳಿಗೆ ಐಸಿಟಿ (ಕಂಪ್ಯೂಟರ್ ಕಲಿಕೆಯ) ಪಠ್ಯಪುಸ್ತಕವೂ ಕನ್ನಡದಲ್ಲೇ ಇದೆ. ಇತ್ತ ಕರ್ನಾಟಕದಲ್ಲಿ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ನಡೆಸಿದ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಕಲಿತರು. ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನ ಮನೆಯಿಂದ ಮಾಡುವವರು, ನಿಧಾನವಾದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡು ಇನ್ನೂ ನಾಲ್ಕು ವರ್ಷ ಓಡಿಸುವ ಕಾಲೇಜು ವಿದ್ಯಾರ್ಥಿಗಳು ಪಿರಿಯಾಪಟ್ಟಣ, ಹುಣಸೂರು ಕಡೆಯೂ ಸಿಗುತ್ತಾರೆ. ಲ್ಯಾಪ್‌ಟಾಪನ್ನು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಒಯ್ಯುವ ಮೇಷ್ಟರು ದಿನಕ್ಕೆ ಐದಾರು ಸಲ ಮುಚ್ಚಳ ಮುಚ್ಚುತ್ತಾರೆ, ತೆರೆಯುತ್ತಾರೆ. ಪ್ರತಿ ಸಲ ಯಂತ್ರ ಮತ್ತೆ ಶುರುವಾಗುವುದನ್ನು ಕಾಯುವುದೆಂದರೆ ನಲವತ್ತು ನಿಮಿಷದ ಪಾಠದಲ್ಲಿ ಒಂದು ಪಾಲು ಹೋದಂತೆ.

ತೊಂದರೆ ಅರ್ಥವಾಗಬೇಕಾದರೆ ಯಂತ್ರ ಮಲಗಿದಾಗ, ಅಂದರೆ ಸಸ್ಪೆಂಡ್ ಆದಾಗ, ಒಳಗೆ ಏನಾಗುತ್ತದೆ ಎಂಬುದು ಮೊದಲು ತಿಳಿಯಬೇಕು. ಮಲಗಿದ ಲ್ಯಾಪ್‌ಟಾಪ್ ಪೂರ್ತಿ ಆರಿರುವುದಿಲ್ಲ. ತೆರೆದಿಟ್ಟ ಕೆಲಸವೆಲ್ಲ ರ‍್ಯಾಮ್‌ನಲ್ಲಿ ಇರುತ್ತದೆ, ಅದನ್ನು ಉಳಿಸಿಕೊಳ್ಳಲು ಬೇಕಾದಷ್ಟು ಕರೆಂಟ್ ಬ್ಯಾಟರಿಯಿಂದ ಹರಿಯುತ್ತಲೇ ಇರುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ ಮೊದಲು ಓಡುತ್ತಿರುವ ಪ್ರೋಗ್ರಾಮುಗಳನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಸಾಧನವನ್ನು ನಡೆಸುವ ಪ್ರೋಗ್ರಾಮನ್ನು, ಅಂದರೆ ಡ್ರೈವರನ್ನು, ಕರೆದು, ‘ನಿನ್ನ ಸಾಧನವನ್ನು ಮಲಗಿಸು’ ಎನ್ನುತ್ತದೆ. ಏಳುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ. ನೂರಾರು ಸಾಧನಗಳು ಹೀಗೆ ಸರದಿಯಲ್ಲಿ ಮಲಗಿ ಸರದಿಯಲ್ಲಿ ಏಳಬೇಕು. ಒಂದು ಏಳದಿದ್ದರೂ ಉಳಿದವು ಅದಕ್ಕಾಗಿ ಕಾಯುತ್ತ ಕೂರುವುದಿಲ್ಲ. ಮನೆಯವರೆಲ್ಲ ಎದ್ದು ಕೆಲಸಕ್ಕೆ ತೊಡಗಿದ ಮೇಲೂ ಒಬ್ಬ ಮುಸುಕೆಳೆದು ಮಲಗಿರುವ ಹಾಗೆ, ವೈಫೈ ಒಂದೇ ಹಿಂದುಳಿಯುವುದು ಇದರಿಂದ.

ಹಿಂದುಳಿಯಲು ವೈಫೈಗೆ ಬೇರೆಯವಕ್ಕಿಂತ ಹೆಚ್ಚು ಕಾರಣವಿದೆ. ಲ್ಯಾಪ್‌ಟಾಪಿನ ಹೊಟ್ಟೆಯೊಳಗಿರುವ ಅಂಚೆಚೀಟಿಯಷ್ಟಗಲದ ವೈಫೈ ಕಾರ್ಡ್ ತಾನೇ ಒಂದು ಪುಟ್ಟ ಕಂಪ್ಯೂಟರು. ಅದಕ್ಕೆ ಸ್ವಂತ ಪ್ರೊಸೆಸರ್ ಇದೆ, ಸ್ವಂತ ಮೆಮೊರಿ ಇದೆ, ಓಡಿಸಲು ಫರ್ಮ್‌ವೇರ್ ಎಂಬ ಪ್ರೋಗ್ರಾಮ್ ಬೇಕು. ಈ ಫರ್ಮ್‌ವೇರ್ ಇರುವುದು ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ. ಯಂತ್ರ ಶುರುವಾಗುವಾಗ ಡ್ರೈವರು ಅದನ್ನು ಎತ್ತಿ ಕಾರ್ಡಿನೊಳಕ್ಕೆ ತುಂಬುತ್ತದೆ. ನಿದ್ರೆಯಲ್ಲಿ ಕಾರ್ಡಿಗೆ ಕರೆಂಟ್ ನಿಂತರೆ ತುಂಬಿದ್ದೆಲ್ಲ ಮರೆತುಹೋಗುತ್ತದೆ, ಎದ್ದ ಕೂಡಲೇ ಮತ್ತೆ ತುಂಬಬೇಕಾಗುತ್ತದೆ. ಕರೆಂಟ್ ಅರ್ಧಂಬರ್ಧ ನಿಂತರೆ ಕಷ್ಟ ಇನ್ನೂ ಹೆಚ್ಚು. ಕಾರ್ಡ್ ಮರೆತಿದೆಯೋ ನೆನಪಿಟ್ಟುಕೊಂಡಿದೆಯೋ ಎಂಬ ಬಗ್ಗೆ ಡ್ರೈವರು ತಪ್ಪು ತಿಳಿದುಕೊಳ್ಳುತ್ತದೆ, ಇಬ್ಬರ ಮಾತೂ ತಾಳೆಯಾಗದೆ ಎಲ್ಲ ನಿಲ್ಲುತ್ತದೆ.

ಕಾರ್ಡ್ ಎದ್ದರೂ ಕೆಲಸ ಮುಗಿಯಲಿಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಮ್ ಸುತ್ತಲಿನ ವೈಫೈಗಳನ್ನು ಹುಡುಕಬೇಕು, ಗೊತ್ತಿರುವುದನ್ನು ಗುರುತಿಸಿ ಪಾಸ್‌ವರ್ಡ್ ಒಪ್ಪಿಸಬೇಕು, ರೂಟರಿನಿಂದ ವಿಳಾಸ ಕೇಳಿ ಪಡೆಯಬೇಕು, ಜಾಲತಾಣಗಳ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಸಿಗಬೇಕು. ಕಾರ್ಡ್, ಡ್ರೈವರ್, ನೆಟ್‌ವರ್ಕ್‌ಮ್ಯಾನೇಜರ್, ರೂಟರ್, ವಿಳಾಸ, ಹೆಸರು ಎಂಬ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಬಳಸುವವರಿಗೆ ಕಾಣುವುದು ಒಂದೇ: ನೆಟ್ ಇಲ್ಲ. ಆದ್ದರಿಂದ ಮೊದಲ ಕೆಲಸ ಕೊಂಡಿಯನ್ನು ಹುಡುಕುವುದು. ಅದಕ್ಕೂ ಮೊದಲೇ ಲಿನಕ್ಸನ್ನು ಅಳಿಸಿ ಹೊಸದಾಗಿ ಹಾಕುವವರಿದ್ದಾರೆ. ಒಂದು ದಿನ ಹಾಳಾಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಹೆಚ್ಚು ಸುದ್ದಿಯಾಗಲು ಇನ್ನೊಂದು ಹಿನ್ನೆಲೆ ಇದೆ. ಕಂಪ್ಯೂಟರು ಹೇಗೆ ಮಲಗಬೇಕು ಎಂಬುದನ್ನು 1996ರಲ್ಲಿ ಬಂದ ಎಸಿಪಿಐ ಎಂಬ ಕಟ್ಟಳೆ ಗೊತ್ತುಮಾಡಿತು. ಅದರಲ್ಲಿ ಎಸ್3 ಎಂಬುದು ಗಾಢ ನಿದ್ರೆ: ರ‍್ಯಾಮ್ ಬಿಟ್ಟು ಹೆಚ್ಚುಕಡಿಮೆ ಎಲ್ಲದರ ಕರೆಂಟೂ ನಿಲ್ಲುತ್ತದೆ, ಮಲಗಿಸಿ ಎಬ್ಬಿಸುವ ಹೊಣೆಯಲ್ಲಿ ದೊಡ್ಡ ಪಾಲನ್ನು ಬಯಾಸ್, ಅಂದರೆ ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ, ಹೊರುತ್ತದೆ. ಲ್ಯಾಪ್‌ಟಾಪೂ ಮೊಬೈಲಿನ ಹಾಗೆ ಮುಟ್ಟಿದ ಕೂಡಲೇ ಏಳಬೇಕು ಎಂಬ ಆಸೆಯಿಂದ ಮೈಕ್ರೋಸಾಫ್ಟ್ ವಿಂಡೋಸ್ 8ರ ಕಾಲದಿಂದ ಬೇರೊಂದು ಬಗೆಯ ನಿದ್ರೆಯನ್ನು ಮುಂದೆ ತಂದಿತು. ವಿಂಡೋಸ್ 10ರಲ್ಲಿ ಅದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರಾಯಿತು. ಲಿನಕ್ಸಿನಲ್ಲಿ ಇದಕ್ಕೆ ಹತ್ತಿರದ್ದು ಎಸ್2ಐಡಲ್. ಇದು ಕೋಳಿನಿದ್ರೆ. ಪ್ರೊಸೆಸರು ಅರೆಗಣ್ಣು ಮುಚ್ಚಿರುತ್ತದೆ, ಪ್ರತಿ ಸಾಧನವನ್ನೂ ಮಲಗಿಸಿ ಎಬ್ಬಿಸುವ ಭಾರ ಪೂರ್ತಿಯಾಗಿ ಕರ್ನೆಲ್ ಮತ್ತು ಡ್ರೈವರುಗಳ ಮೇಲೆ ಬೀಳುತ್ತದೆ. ತಯಾರಕರು ಹೊಸ ಮಾದರಿಗಳಿಂದ ಎಸ್3 ಅನ್ನು ತೆಗೆಯತೊಡಗಿದ ಮೇಲೆ, ಮೊದಲು ಬಯಾಸ್ ಮುಚ್ಚಿಹಾಕುತ್ತಿದ್ದ ಡ್ರೈವರ್ ದೋಷಗಳು ಬಯಲಿಗೆ ಬಂದವು. 2018ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ಪೀಳಿಗೆ ಎಸ್3 ಇಲ್ಲದೆ ಮಾರುಕಟ್ಟೆಗೆ ಬಂತು. ಲಿನಕ್ಸ್ ಬಳಕೆದಾರರ ದೂರುಗಳ ನಂತರ ಕಂಪನಿ ಬಯಾಸ್ ಪರಿಷ್ಕರಣೆಯಲ್ಲಿ ನಿದ್ರೆಯ ಬಗೆ ಆರಿಸುವ ಜಾಗ ಕೊಟ್ಟಿತು. ಅಲ್ಲಿ ‘ವಿಂಡೋಸ್’, ‘ಲಿನಕ್ಸ್’ ಎಂಬ ಎರಡು ಆಯ್ಕೆಗಳಿದ್ದವು. ದೂರು ಕೊಟ್ಟರೆ ಕೇಳುವವರಿದ್ದಾರೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಇನ್ನು ಹುಡುಕುವ ಕೆಲಸ. ಇದಕ್ಕೆ ಟರ್ಮಿನಲ್ ಕಿಟಕಿ ಬೇಕು. ಉಬುಂಟು, ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟ ಆದೇಶಗಳನ್ನು ಯಂತ್ರದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಒಂದು ಖಾಲಿ ಜಾಗ ಬಿಟ್ಟು ಬರೆಯಬೇಕು. ನೋಡುವ ಆದೇಶಗಳಿಂದ ಯಾವ ಹಾನಿಯೂ ಇಲ್ಲ. ಬದಲಾಯಿಸುವ ಆದೇಶಗಳ ಮುಂದೆ ‘ಸುಡೋ’ ಸೇರಿಸಿ ಪಾಸ್‌ವರ್ಡ್ ಕೊಡಬೇಕಾಗುತ್ತದೆ.

ಟರ್ಮಿನಲ್ ಮುಟ್ಟುವ ಮೊದಲು ರೂಟರಿನ ಕಡೆ ಒಮ್ಮೆ ನೋಡಬೇಕು. ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರದಂಥ ಊರಿನಲ್ಲಿ ಇದು ಮೊದಲ ಮೆಟ್ಟಿಲಾಗಲೇಬೇಕು. ಊರ ಮೇಲಿನ ಬೆಟ್ಟದ ದೇವರಿಗೆ ಸಿಡಿಲು ಮಲ್ಲಿಕಾರ್ಜುನ ಎಂದು ಹೆಸರು; ಆ ಸೀಮೆಗೂ ಸಿಡಿಲಿಗೂ ಇರುವ ನಂಟನ್ನು ಹೆಸರೇ ಹೇಳುತ್ತದೆ. ಹೊಗೆಸೊಪ್ಪಿನ ಸಸಿ ನಾಟಿಗೆ ಹೊಲ ಹದ ಮಾಡುವ ಬೇಸಿಗೆ ಮಳೆಗಳಲ್ಲಿ ಸಂಜೆ ಹೊತ್ತು ಗುಡುಗು ಶುರುವಾದರೆ ಕರೆಂಟ್ ಹೋಗುವುದು ಸಾಮಾನ್ಯ. ಗುಡುಗು ಕೇಳಿದೊಡನೆ ರೂಟರಿನ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಮುಚ್ಚಿಡುವುದು ಮನೆಯವರಿಗೆ ರೂಢಿ, ಒಳ್ಳೆಯ ರೂಢಿ ಕೂಡ. ಮಳೆ ನಿಂತು ಎರಡನ್ನೂ ಒಟ್ಟಿಗೆ ಎಬ್ಬಿಸಿದಾಗ ಲ್ಯಾಪ್‌ಟಾಪ್ ಕ್ಷಣದಲ್ಲಿ ಏಳುತ್ತದೆ. ಫೈಬರ್ ಪೆಟ್ಟಿಗೆ ಎದ್ದು, ಕಂಪನಿಯ ಜೊತೆ ಮಾತಾಡಿ, ವೈಫೈ ಹರಡಲು ನಿಮಿಷಗಳೇ ಬೇಕು. ಆ ನಡುವೆ ಲ್ಯಾಪ್‌ಟಾಪ್ ಒಂದೆರಡು ಸಲ ಹುಡುಕಿ, ಸಿಗದೆ ಸುಮ್ಮನಾಗಿರುತ್ತದೆ. ಇದು ಲಿನಕ್ಸಿನ ದೋಷವೇ ಅಲ್ಲ. ಪರೀಕ್ಷೆ ಸುಲಭ: ಅದೇ ವೈಫೈಗೆ ಮೊಬೈಲ್ ಸೇರುತ್ತದೆಯೇ, ಮೊಬೈಲ್ ಡೇಟಾ ಆಫ್ ಮಾಡಿದ ಮೇಲೂ ಅದರಲ್ಲಿ ಪುಟ ತೆರೆಯುತ್ತದೆಯೇ? ಮೊಬೈಲಿನಲ್ಲೂ ಬಾರದಿದ್ದರೆ ಲ್ಯಾಪ್‌ಟಾಪನ್ನು ಮುಟ್ಟಬೇಕಾಗಿಯೇ ಇಲ್ಲ. ಮೊಬೈಲಿನಲ್ಲಿ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಆ ಹೆಜ್ಜೆಗೆ ಅತ್ಯಂತ ಉಪಯುಕ್ತ ಆದೇಶ ‘ಎನ್‌ಎಂಸಿಎಲ್‌ಐ ಡಿವೈಸ್’. ನೆಟ್‌ವರ್ಕ್‌ಮ್ಯಾನೇಜರಿಗೆ ಕಾಣುತ್ತಿರುವ ಸಾಧನಗಳನ್ನೂ ಅವುಗಳ ಸ್ಥಿತಿಯನ್ನೂ ಅದು ಸಾಲಾಗಿ ತೋರಿಸುತ್ತದೆ. ವೈಫೈ ಸಾಲಿನ ಮುಂದೆ ಬರುವ ಒಂದೇ ಪದದಲ್ಲಿ ಅರ್ಧ ಉತ್ತರ ಸಿಗುತ್ತದೆ.

‘ಕನೆಕ್ಟೆಡ್’ ಎಂದಿದ್ದರೆ ಕಾರ್ಡ್, ಡ್ರೈವರ್ ಎರಡೂ ಎದ್ದಿವೆ, ರೂಟರಿನ ನಂಟೂ ಆಗಿದೆ. ತೊಂದರೆ ಮೇಲಿನ ಕೊಂಡಿಗಳಲ್ಲಿದೆ. ‘ಪಿಂಗ್ 8.8.8.8’ ಎಂದು ಕೊಟ್ಟು ನೋಡಬೇಕು. ಆ ಅಂಕಿಯ ವಿಳಾಸದಿಂದ ಉತ್ತರ ಬಂದು, ಜಾಲತಾಣದ ಹೆಸರಿಗೆ ಮಾತ್ರ ಬಾರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್. ಕಂಪನಿಯ ವಿಪಿಎನ್ ಹಾಕಿಕೊಂಡೇ ಲ್ಯಾಪ್‌ಟಾಪ್ ಮಲಗಿಸುವವರಿಗೆ ಇದು ಮೇಲಿಂದ ಮೇಲೆ ಆಗುತ್ತದೆ. ನಿದ್ರೆಯಲ್ಲಿ ವಿಪಿಎನ್ ಕಡಿದುಹೋಗಿರುತ್ತದೆ, ಯಂತ್ರ ಮಾತ್ರ ಹೆಸರುಗಳನ್ನು ಆ ಸತ್ತ ದಾರಿಯಲ್ಲೇ ಕೇಳುತ್ತಿರುತ್ತದೆ. ವಿಪಿಎನ್ ಬಿಡಿಸಿ ಮತ್ತೆ ಹಾಕಿದರೆ ಸಾಕು, ಮಲಗಿಸುವ ಮೊದಲೇ ಬಿಡಿಸಿದರೆ ಇನ್ನೂ ಒಳ್ಳೆಯದು. ಹಾಸ್ಟೆಲ್, ಕಾಲೇಜುಗಳ ವೈಫೈಯಲ್ಲಿ ಲಾಗಿನ್ ಪುಟದ ಅವಧಿ ಮುಗಿದಿರಬಹುದು. ಬ್ರೌಸರಿನಲ್ಲಿ ಆ ಪುಟವನ್ನು ಮತ್ತೆ ತೆರೆಯಬೇಕಾಗುತ್ತದೆ.

‘ಡಿಸ್‌ಕನೆಕ್ಟೆಡ್’ ಎಂದಿದ್ದರೆ ಕಾರ್ಡ್ ಎದ್ದಿದೆ, ಆದರೆ ಯಾವ ವೈಫೈಗೂ ಸೇರಿಲ್ಲ. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಎಂದರೆ ಸುತ್ತಲಿನ ವೈಫೈಗಳ ಪಟ್ಟಿ ಬರಬೇಕು. ಪಟ್ಟಿ ಬಂದರೆ ಮನೆಯ ವೈಫೈಯನ್ನು ಕೈಯಾರೆ ಆರಿಸಬಹುದು. ಖಾಲಿ ಬಂದರೆ ‘ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಎಂದು ಆ ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡಬೇಕು (ಇಲ್ಲಿ ಮಾತ್ರ ನೆಟ್‌ವರ್ಕ್, ಮ್ಯಾನೇಜರ್ ಎರಡರ ಮೊದಲಕ್ಷರಗಳೂ ದೊಡ್ಡವು, ನಡುವೆ ಜಾಗವಿಲ್ಲ). ಇದರಿಂದ ವೈಫೈ ಬಂದರೆ ಡ್ರೈವರಿನ ತಪ್ಪಿಲ್ಲ ಎಂದು ತಿಳಿಯಬಹುದು.

‘ಅನ್‌ಅವೈಲಬಲ್’ ಎಂದಿದ್ದರೆ ಮೊದಲು ಅನುಮಾನಿಸಬೇಕಾದ್ದು ರೇಡಿಯೊ ಸ್ವಿಚ್ಚನ್ನು. ಮೊಬೈಲಿನಲ್ಲಿ ವಿಮಾನದ ಗುರುತು ಒತ್ತಿದ ಹಾಗೆ ಲ್ಯಾಪ್‌ಟಾಪಿನಲ್ಲೂ ರೇಡಿಯೊ ಮುಚ್ಚುವ ವ್ಯವಸ್ಥೆ ಇದೆ. ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಅದರ ಸ್ಥಿತಿ ಹೇಳುತ್ತದೆ. ಅದರಲ್ಲಿ ಸಾಫ್ಟ್, ಹಾರ್ಡ್ ಎಂದು ಎರಡು ತಡೆ ಕಾಣುತ್ತವೆ. ಸಾಫ್ಟ್ ತಡೆ ತಂತ್ರಾಂಶದ್ದು, ‘ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ಬಿಟ್ಟುಹೋಗುತ್ತದೆ. ಹಾರ್ಡ್ ತಡೆ ಯಂತ್ರದ್ದು. ಆದೇಶಕ್ಕೆ ಬಗ್ಗುವುದಿಲ್ಲ, ಕೀಲಿಮಣೆಯ ವಿಮಾನದ ಕೀಲಿಯನ್ನೋ ಪಕ್ಕದ ಸ್ವಿಚ್ಚನ್ನೋ ಒತ್ತಬೇಕು. ಅಂಥ ಸ್ವಿಚ್ಚೇ ಇಲ್ಲದ ಲ್ಯಾಪ್‌ಟಾಪ್ ಕೂಡ ಹಾರ್ಡ್ ತಡೆ ತೋರಿಸುವುದುಂಟು. ಲೆನೊವೊದ ಐಡಿಯಾಪ್ಯಾಡ್, ಯೋಗಾ ಸಾಲಿನ ಕೆಲವು ಮಾದರಿಗಳಲ್ಲಿ ‘ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಡ್ರೈವರು ಇಲ್ಲದ ಸ್ವಿಚ್ಚನ್ನು ಇದೆಯೆಂದು ತಿಳಿದು ವೈಫೈಗೆ ಅಡ್ಡ ನಿಂತದ್ದು ಹಲವು ವರ್ಷಗಳ ಪರಿಚಿತ ದೋಷ. ಕರ್ನೆಲ್ ಬರೆಯುವವರು ಸ್ವಿಚ್ಚಿಲ್ಲದ ಮಾದರಿಗಳ ಪಟ್ಟಿಯನ್ನೇ ಡ್ರೈವರಿನೊಳಗೆ ಸೇರಿಸುತ್ತ ಬರಬೇಕಾಯಿತು. ಹಳೆಯ ಕರ್ನೆಲ್‌ನಲ್ಲಿ ಆ ಡ್ರೈವರನ್ನು ತೆಗೆದುಹಾಕಿದರೆ ವೈಫೈ ಬರುತ್ತದೆ, ಹೊಸ ಕರ್ನೆಲ್‌ಗೆ ಏರಿದರೆ ತೆಗೆಯುವ ಅಗತ್ಯವೂ ಬೀಳದಿರಬಹುದು.

ವೈಫೈ ಸಾಲೇ ಇಲ್ಲದಿದ್ದರೆ, ಅಥವಾ ಸ್ವಿಚ್ಚಿನಲ್ಲಿ ಯಾವ ತಡೆಯೂ ಇಲ್ಲದೆ ‘ಅನ್‌ಅವೈಲಬಲ್’ ಉಳಿದಿದ್ದರೆ, ಮಲಗಿರುವುದು ಡ್ರೈವರ್ ಇಲ್ಲವೇ ಕಾರ್ಡ್. ನಿದ್ರೆಯ ನಂತರದ ತೊಂದರೆಗಳಲ್ಲಿ ಅತಿ ಮೊಂಡು ಬಗೆ ಇದೇ. ಇಲ್ಲಿ ಕರ್ನೆಲ್‌ನ ದಿನಚರಿ ಓದಬೇಕು. ‘ಸುಡೋ ಜರ್ನಲ್‌ಸಿಟಿಎಲ್’ ಎಂದು ಬರೆದು, ಮುಂದೆ ಅಡ್ಡಗೆರೆ ಹಚ್ಚಿದ ‘ಕೆ’ ಮತ್ತು ‘ಬಿ’ ಅಕ್ಷರಗಳನ್ನು ಸೇರಿಸಿದರೆ, ಯಂತ್ರ ಈ ಸಲ ಶುರುವಾದಾಗಿನಿಂದ ಕರ್ನೆಲ್ ಬರೆದಿಟ್ಟದ್ದೆಲ್ಲ ಬರುತ್ತದೆ. ಅದರ ಕೊನೆಯ ಭಾಗದಲ್ಲಿ ‘ಪಿಎಂ: ಸಸ್ಪೆಂಡ್ ಎಂಟ್ರಿ’ ಎಂಬ ಸಾಲು ಮಲಗಿದ ಗಳಿಗೆಯನ್ನು, ‘ಪಿಎಂ: ಸಸ್ಪೆಂಡ್ ಎಕ್ಸಿಟ್’ ಎಂಬುದು ಎದ್ದ ಗಳಿಗೆಯನ್ನು ತೋರಿಸುತ್ತದೆ. ಮೊದಲನೆಯ ಸಾಲಿನ ಪಕ್ಕದ ಆವರಣದಲ್ಲಿ ‘ಡೀಪ್’ ಎಂದಿದ್ದರೆ ಎಸ್3, ‘ಎಸ್2ಐಡಲ್’ ಎಂದಿದ್ದರೆ ಕೋಳಿನಿದ್ರೆ. ಈ ಎರಡು ಸಾಲುಗಳ ನಡುವೆ ಮತ್ತು ಅವುಗಳ ಕೆಳಗಿನ ಹತ್ತಿಪ್ಪತ್ತು ಸಾಲುಗಳಲ್ಲಿ ಉತ್ತರ ಇರುತ್ತದೆ.

ಆ ಸಾಲುಗಳು ಮೊದಲ ನೋಟಕ್ಕೆ ಹೆದರಿಸುತ್ತವೆ, ಆದರೆ ಎರಡು ಸಂಗತಿ ಹೆಕ್ಕಿದರೆ ಸಾಕು. ಒಂದು, ಡ್ರೈವರಿನ ಹೆಸರು. ಇಂಟೆಲ್ ಕಾರ್ಡಾದರೆ ‘ಐಡಬ್ಲ್ಯುಎಲ್‌ವೈಫೈ’, ಕ್ವಾಲ್‌ಕಾಮ್ ಅಥೆರಾಸ್ ಆದರೆ ‘ಎಟಿಎಚ್10ಕೆ’ ಅಥವಾ ‘ಎಟಿಎಚ್11ಕೆ’, ಮೀಡಿಯಾಟೆಕ್ ಆದರೆ ‘ಎಂಟಿ7921ಇ’ಯಂಥದ್ದು, ರಿಯಲ್‌ಟೆಕ್ ಆದರೆ ‘ಆರ್‌ಟಿಡಬ್ಲ್ಯು’ ಎಂದು ಶುರುವಾಗುವುದು. ಎರಡು, ಆ ಸಾಲಿನ ಕೊನೆಯ ಋಣಸಂಖ್ಯೆ. ಕರ್ನೆಲ್ ತನ್ನ ಸೋಲನ್ನು ಅಂಕಿಯಲ್ಲಿ ಹೇಳುತ್ತದೆ. ಮೈನಸ್ 110 ಎಂದರೆ ‘ಕರೆದೆ, ಕಾದೆ, ಉತ್ತರ ಬರಲಿಲ್ಲ’. ಕಾರ್ಡ್ ನಿದ್ರೆಯಿಂದ ಎದ್ದೇ ಇಲ್ಲ. ಮೈನಸ್ 2 ಎಂದರೆ ‘ಕೇಳಿದ ಕಡತ ಸಿಗಲಿಲ್ಲ’. ಫರ್ಮ್‌ವೇರ್ ಕಡತ ಡಿಸ್ಕಿನಲ್ಲಿಲ್ಲ. ಮೈನಸ್ 19 ಎಂದರೆ ‘ಅಂಥ ಸಾಧನವೇ ಇಲ್ಲ’. ಇಂಟೆಲ್ ಕಾರ್ಡುಗಳಲ್ಲಿ ‘ಫೇಲ್ಡ್ ಟು ಸ್ಟಾರ್ಟ್ ಆರ್‌ಟಿ ಯುಕೋಡ್: ಮೈನಸ್ 110’ ಎಂಬ ಸಾಲು ಕಂಡರೆ ಡ್ರೈವರು ಫರ್ಮ್‌ವೇರ್ ಹಚ್ಚಲು ಹೋಗಿ, ಕಾರ್ಡ್ ಸುಮ್ಮನಿದ್ದುದರಿಂದ ಕೈಚೆಲ್ಲಿದೆ ಎಂದರ್ಥ. ಇಷ್ಟು ಓದಲು ಬಂದರೆ ರಿಪೇರಿ ಅಂಗಡಿಯವರ ಮುಂದೆಯೂ ಬಾಯಿ ಕಟ್ಟುವುದಿಲ್ಲ.

ಮೈನಸ್ 2 ಬಂದರೆ ಕೆಲಸ ಹಗುರ. ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸಿ ಟೆದರಿಂಗ್ ಹಾಕಿದರೆ ತಾತ್ಕಾಲಿಕವಾಗಿ ನೆಟ್ ಸಿಗುತ್ತದೆ, ಅದರಿಂದ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜನ್ನು ಹೊಸದು ಮಾಡಿಕೊಳ್ಳಬಹುದು. ವೈಫೈ ಕೆಟ್ಟಾಗ ಯುಎಸ್‌ಬಿ ಟೆದರಿಂಗ್ ನಂಬಿಕಸ್ತ ದಾರಿ, ಎಲ್ಲರೂ ನೆನಪಿಡಬೇಕಾದದ್ದು.

ಮೈನಸ್ 110ರ ಬಗೆಗೆ ಡ್ರೈವರನ್ನು ಇಳಿಸಿ ಏರಿಸುವುದು ಮೊದಲ ಮದ್ದು. ಇಂಟೆಲ್ ಕಾರ್ಡಾದರೆ ‘ಸುಡೋ ಮಾಡ್‌ಪ್ರೋಬ್’ ಎಂಬುದರ ಮುಂದೆ ಅಡ್ಡಗೆರೆ ಹಚ್ಚಿದ ‘ಆರ್’, ಆಮೇಲೆ ‘ಐಡಬ್ಲ್ಯುಎಲ್‌ಎಂವಿಎಂ ಐಡಬ್ಲ್ಯುಎಲ್‌ವೈಫೈ’ ಎಂದು ಬರೆದರೆ ಎರಡೂ ಇಳಿಯುತ್ತವೆ. ಎಂವಿಎಂ ಭಾಗ ವೈಫೈ ಭಾಗದ ಮೇಲೆ ಕೂತಿರುವುದರಿಂದ ಅದನ್ನು ಮೊದಲು ಹೇಳಬೇಕು. ನಂತರ ‘ಸುಡೋ ಮಾಡ್‌ಪ್ರೋಬ್ ಐಡಬ್ಲ್ಯುಎಲ್‌ವೈಫೈ’ ಎಂದರೆ ಡ್ರೈವರು ಹೊಸದಾಗಿ ಏರುತ್ತದೆ, ಕಾರ್ಡಿಗೆ ಮೊದಲಿನಿಂದ ಫರ್ಮ್‌ವೇರ್ ತುಂಬುತ್ತದೆ. ಬೇರೆ ಕಂಪನಿಯ ಕಾರ್ಡುಗಳಿಗೆ ಅವುಗಳ ಡ್ರೈವರಿನ ಹೆಸರು. ಹೆಸರು ಗೊತ್ತಿಲ್ಲದಿದ್ದರೆ ‘ಎಲ್‌ಎಸ್‌ಪಿಸಿಐ’ ಆದೇಶಕ್ಕೆ ಅಡ್ಡಗೆರೆಯ ‘ಕೆ’ ಸೇರಿಸಿ ಕೇಳಿದರೆ ಪ್ರತಿ ಕಾರ್ಡಿನ ಕೆಳಗೂ ಅದನ್ನು ನಡೆಸುತ್ತಿರುವ ಡ್ರೈವರನ್ನು ತೋರಿಸುತ್ತದೆ. ಆ ಪಟ್ಟಿಯಲ್ಲಿ ಕಾರ್ಡೇ ಕಾಣದಿದ್ದರೆ ಮದರ್‌ಬೋರ್ಡಿನ ಮಟ್ಟದಲ್ಲೇ ಸಂಪರ್ಕ ಕಡಿದಿದೆ. ಆಗ ಯಂತ್ರವನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗಿನ ಉಳಿಕೆ ಕರೆಂಟನ್ನು ಬರಿದು ಮಾಡಿ ನೋಡಬೇಕು. ಬರೀ ರೀಸ್ಟಾರ್ಟ್‌ಗೆ ಏಳದ ಕಾರ್ಡ್ ಇದಕ್ಕೆ ಎದ್ದದ್ದುಂಟು. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿಡುವುದು ಲೇಸು. ಅದು ಯಂತ್ರವನ್ನು ನಿಜಕ್ಕೂ ಆಫ್ ಮಾಡದೆ ಅರೆಬರೆ ಮಲಗಿಸುವುದರಿಂದ ಕಾರ್ಡ್ ಲಿನಕ್ಸಿನ ಕೈಗೆ ಕೆಟ್ಟ ಸ್ಥಿತಿಯಲ್ಲಿ ಸಿಗುತ್ತದೆ.

ಡ್ರೈವರ್ ಇಳಿಸಿ ಏರಿಸಿದರೆ ವೈಫೈ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಅದನ್ನು ಪ್ರತಿ ಸಲ ಕೈಯಾರೆ ಮಾಡಬೇಕಾಗಿಲ್ಲ. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ನಿದ್ರೆಯನ್ನು ನೋಡಿಕೊಳ್ಳುವುದು ಸಿಸ್ಟಮ್‌ಡಿ ಎಂಬ ಪ್ರೋಗ್ರಾಮ್. ‘/ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್’ ಎಂಬ ಕೋಶದಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಓಡುವ ಅನುಮತಿ ಕೊಟ್ಟರೆ, ಮಲಗುವ ಮುಂಚೆ ‘ಪ್ರೀ’ ಎಂದೂ ಎದ್ದ ಮೇಲೆ ‘ಪೋಸ್ಟ್’ ಎಂದೂ ಸಿಸ್ಟಮ್‌ಡಿ ಅದನ್ನು ಕರೆಯುತ್ತದೆ. ಪ್ರೀ ಬಂದಾಗ ಡ್ರೈವರ್ ಇಳಿಸುವ ಸಾಲು, ಪೋಸ್ಟ್ ಬಂದಾಗ ಏರಿಸುವ ಸಾಲು: ಸ್ಕ್ರಿಪ್ಟಿನಲ್ಲಿ ಇಷ್ಟೇ ಇರಬೇಕಾದ್ದು. ಡ್ರೈವರೇ ಇಲ್ಲದ ಮೇಲೆ ಕಾರ್ಡನ್ನು ಮಲಗಿಸಿ ಎಬ್ಬಿಸುವ ಎಡವಟ್ಟು ಜಾಗವೇ ತಪ್ಪಿಹೋಗುತ್ತದೆ. ಇದು ದೋಷವನ್ನು ಗುಣಪಡಿಸಿದ್ದಲ್ಲ, ಸುತ್ತುಬಳಸಿ ದಾಟಿದ್ದು. ಆದರೂ ದಿನನಿತ್ಯದ ಕೆಲಸಕ್ಕೆ ಭದ್ರವಾದ ಉಪಾಯ.

ಹಳೆಯ ಸಲಹೆಗಳ ಬಗ್ಗೆ ಇಲ್ಲೊಂದು ಎಚ್ಚರಿಕೆ ಬೇಕು. ಸಿಸ್ಟಮ್‌ಡಿ ಬರುವ ಮೊದಲು ಇದೇ ಕೆಲಸವನ್ನು ಪಿಎಂ-ಯುಟಿಲ್ಸ್ ಮಾಡುತ್ತಿತ್ತು. ‘ಸಸ್ಪೆಂಡ್_ಮಾಡ್ಯೂಲ್ಸ್’ ಎಂಬ ಸಾಲನ್ನು ಒಂದು ಕಡತಕ್ಕೆ ಸೇರಿಸಿದರೆ ಆಯಿತು ಎಂಬ ಮಾತು ಇಂದಿಗೂ ಕೈಯಿಂದ ಕೈಗೆ ದಾಟುತ್ತಿದೆ. ಈಗಿನ ಲಿನಕ್ಸಿನಲ್ಲಿ ಆ ಕಡತವನ್ನು ಓದುವವರೇ ಇಲ್ಲ. ಸಾಲು ಬರೆದವರು ಮದ್ದು ಫಲಿಸಲಿಲ್ಲ ಎಂದುಕೊಳ್ಳುತ್ತಾರೆ. ಮದ್ದು ಹೊಟ್ಟೆಗೇ ಹೋಗಿರುವುದಿಲ್ಲ.

ವೈಫೈ ಬಂದರೂ ಎದ್ದ ಮೇಲೆ ತೀರಾ ನಿಧಾನವಾಗುವುದು, ನಿಮಿಷಕ್ಕೊಮ್ಮೆ ಕಡಿಯುವುದು ಬೇರೆ ಬಗೆ. ಇಲ್ಲಿ ಅನುಮಾನ ಬ್ಯಾಟರಿ ಉಳಿತಾಯದ ಮೇಲೆ. ಕಾರ್ಡ್ ಎರಡು ಸಂದೇಶಗಳ ನಡುವೆ ತೂಕಡಿಸಿ ಬ್ಯಾಟರಿ ಉಳಿಸುತ್ತದೆ, ಕೆಲವು ಕಾರ್ಡುಗಳು ತೂಕಡಿಕೆಯಿಂದ ಸರಿಯಾಗಿ ಏಳುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರಿನ ‘ಕಾನ್ಫ್.ಡಿ’ ಕೋಶದಲ್ಲಿ ‘ವೈಫೈ.ಪವರ್‌ಸೇವ್’ ಎಂಬ ಸಾಲಿನ ಬೆಲೆ 3 ಇದ್ದರೆ ಉಳಿತಾಯ ಚಾಲೂ, 2 ಮಾಡಿದರೆ ಬಂದ್. ರಿಯಲ್‌ಟೆಕ್‌ನ ಆರ್‌ಟಿಡಬ್ಲ್ಯು88 ಡ್ರೈವರಿಗೆ, ಕಾರ್ಡ್ ಮತ್ತು ಬೋರ್ಡಿನ ನಡುವಿನ ದಾರಿಯ ಉಳಿತಾಯ ನಿಲ್ಲಿಸುವ ‘ಡಿಸೇಬಲ್_ಎಎಸ್‌ಪಿಎಂ’ ಎಂಬ ಆಯ್ಕೆಯೇ ಇದೆ. ಈ ಡ್ರೈವರು 2019ರಲ್ಲಿ ಕರ್ನೆಲ್‌ನೊಳಗೇ ಬಂತು. ಅದಕ್ಕೂ ಮುಂಚೆ ಹೊರಗಿನಿಂದ ತಂದು ಹಾಕಿದ ರಿಯಲ್‌ಟೆಕ್ ಡ್ರೈವರ್ ಇನ್ನೂ ಯಂತ್ರದಲ್ಲಿ ಉಳಿದಿದ್ದರೆ ತೆಗೆದುಹಾಕುವುದು ಒಳ್ಳೆಯದು, ಎರಡೂ ಒಂದೇ ಕಾರ್ಡಿಗೆ ಕೈಹಾಕುತ್ತವೆ.

ನಿದ್ರೆಯ ಬಗೆಯನ್ನೇ ಬದಲಾಯಿಸುವುದು ಇನ್ನೊಂದು ದಾರಿ. ‘ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್’ ಎಂದು ಕೇಳಿದರೆ ಯಂತ್ರಕ್ಕೆ ಗೊತ್ತಿರುವ ನಿದ್ರೆಗಳ ಹೆಸರು ಬರುತ್ತವೆ, ಈಗ ಬಳಕೆಯಲ್ಲಿರುವುದು ಚೌಕ ಆವರಣದಲ್ಲಿರುತ್ತದೆ. ‘ಎಸ್2ಐಡಲ್’, ‘ಡೀಪ್’ ಎರಡೂ ಇದ್ದರೆ ಒಂದರ ಬದಲು ಇನ್ನೊಂದನ್ನು ಪರೀಕ್ಷಿಸಿ ನೋಡಬಹುದು. ಗಾಢ ನಿದ್ರೆಯಲ್ಲಿ ಬ್ಯಾಟರಿಯೂ ಕಡಿಮೆ ಸೋರುತ್ತದೆ. ಎಸ್2ಐಡಲ್ ಒಂದೇ ಇದ್ದರೆ ಬಯಾಸ್ ಒಳಗೆ ಹೋಗಿ ಆಯ್ಕೆ ಇದೆಯೇ ನೋಡಬೇಕು. ಬಯಾಸ್‌ನ ಹೊಸ ಆವೃತ್ತಿ ಹಾಕುವುದರಿಂದಲೂ ನಿದ್ರೆಯ ದೋಷಗಳು ಹೋಗುತ್ತವೆ. ಲಿನಕ್ಸಿನಲ್ಲಿ ಇದನ್ನು ‘ಎಫ್‌ಡಬ್ಲ್ಯುಯುಪಿಡಿ’ ಎಂಬ ಪ್ರೋಗ್ರಾಮ್ ನೋಡಿಕೊಳ್ಳುತ್ತದೆ, ಡೆಲ್, ಲೆನೊವೊ ಮೊದಲಾದ ಕಂಪನಿಗಳು ತಮ್ಮ ಕಡತಗಳನ್ನು ಅದರ ಮೂಲಕ ಕೊಡುತ್ತವೆ. ಒಂದು ಮಾತು ಮಾತ್ರ ಕಟ್ಟುನಿಟ್ಟು: ಬಯಾಸ್ ಬದಲಾಗುತ್ತಿರುವಾಗ ಕರೆಂಟ್ ಹೋಗಬಾರದು. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿದ ಮೇಲೆ, ಮೋಡವಿಲ್ಲದ ದಿನ ನೋಡಿ ಮಾಡಬೇಕಾದ ಕೆಲಸ.

ನಿನ್ನೆವರೆಗೆ ಸರಿಯಿದ್ದು ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಹೊಸ ಕರ್ನೆಲ್ ಮೇಲೆ ಅನುಮಾನ ಪಡುವುದು ನ್ಯಾಯ. ಉಬುಂಟುವಿನಂಥ ಲಿನಕ್ಸ್‌ಗಳು ಹಳೆಯ ಕರ್ನೆಲನ್ನು ಕೂಡಲೇ ಅಳಿಸುವುದಿಲ್ಲ. ಯಂತ್ರ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಒಳಗೆ ಹೋಗಿ ಹಿಂದಿನದನ್ನು ಆರಿಸಬಹುದು. ಅದರಲ್ಲಿ ವೈಫೈ ಏಳುತ್ತದೆ, ಹೊಸದರಲ್ಲಿ ಏಳುವುದಿಲ್ಲ ಎಂದಾದರೆ ದೋಷದ ಜಾಗ ಅಲ್ಲಿಗೆ ಗೊತ್ತಾಯಿತು. ಸರಿಯಾದ ಕರ್ನೆಲ್‌ನಲ್ಲಿ ಕೆಲಸ ಮಾಡುತ್ತ, ಮುಂದಿನ ಅಪ್‌ಡೇಟಿಗೆ ಕಾಯಬಹುದು.

ಯಾವ ಮದ್ದಿಗೂ ಬಗ್ಗದ ಕಾರ್ಡುಗಳೂ ಇವೆ. ಅದಕ್ಕಾಗಿ ಲ್ಯಾಪ್‌ಟಾಪ್ ಬದಲಿಸಬೇಕಾಗಿಲ್ಲ. ಕಾರ್ಡ್ ಬೋರ್ಡಿಗೆ ಬೆಸುಗೆಯಾಗಿರದ ಮಾದರಿಗಳಲ್ಲಿ ತಿರುಪು ಬಿಚ್ಚಿ ಬೇರೆಯದನ್ನು ಹಾಕಿಸಬಹುದು. ಬೆಸುಗೆಯಾಗಿದ್ದರೆ ಲಿನಕ್ಸಿಗೆ ಹೊಂದುವ ಯುಎಸ್‌ಬಿ ವೈಫೈ ಸಾಕು.

ದೋಷ ಸಿಕ್ಕ ಮೇಲೆ ಉಳಿಯುವ ಒಂದು ಕೆಲಸವನ್ನು ಕನ್ನಡಿಗ ಬಳಕೆದಾರರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ: ವರದಿ ಮಾಡುವುದು. ಡ್ರೈವರ್ ಬರೆಯುವವರ ಮೇಜಿನ ಮೇಲೆ ಲೋಕದ ಎಲ್ಲ ಲ್ಯಾಪ್‌ಟಾಪ್ ಮಾದರಿಗಳೂ ಇರುವುದಿಲ್ಲ. ಇಲ್ಲಿ ಮಾರಾಟವಾಗುವ ಅಗ್ಗದ ಮಾದರಿಗಳ ನಿದ್ರೆ ಹೇಗೆ ಕೆಡುತ್ತದೆ ಎಂಬುದು ಇಲ್ಲಿಂದ ಯಾರಾದರೂ ಬರೆದರೆ ಮಾತ್ರ ಅವರಿಗೆ ತಿಳಿಯುತ್ತದೆ. ದೋಷ ವರದಿ ಮಾಡಲು ಉಬುಂಟುವಿಗೆ ಲಾಂಚ್‌ಪ್ಯಾಡ್ ಎಂಬ ತಾಣ ಇದೆ, ಕರ್ನೆಲ್‌ಗೆ ಅದರದೇ ಬಗ್‌ಜಿಲ್ಲಾ ಇದೆ. ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಹೆಸರು, ವೈಫೈ ಕಾರ್ಡಿನ ಹೆಸರು, ಕರ್ನೆಲ್‌ನ ಆವೃತ್ತಿ, ನಿದ್ರೆ ಯಾವ ಬಗೆಯದು, ಮಲಗಿದ ಸಾಲಿನಿಂದ ಎದ್ದ ಸಾಲಿನ ಕೆಳಗಿನವರೆಗಿನ ದಿನಚರಿ, ಯಾವ ಮದ್ದಿಗೆ ಎದ್ದಿತು ಎಂಬ ಒಂದು ವಾಕ್ಯ: ವರದಿಗೆ ಇಷ್ಟು ಸಾಕು. ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ. ಲಿನಕ್ಸ್ ಬಳಸುವ ಕನ್ನಡಿಗರು, ಅದರಲ್ಲೂ ಶಾಲೆಗಳ ಮೇಷ್ಟರುಗಳು, ಆ ಅರ್ಧ ಗಂಟೆಯನ್ನು ದಯಮಾಡಿ ಕೊಡಬೇಕು.